ಕೈಗುಣದ ಕತೆಯನ್ನು ಮಕ್ಕಳ ಕತೆ ಎನ್ನಬಹುದೇ?

ಮಾನ್ಯ ಸಂಪಾದಕರೇ,

ಅಮೆರಿಕದ ಏಮಿ ಬೆಂಡರ್ ಅವರ ‘ದಿ ಪರ್ಟಿಕ್ಯುಲರ್ ಸ್ಯಾಡ್‌ನೆಸ್ ಆಫ್ ಲೆಮನ್ ಕೇಕ್’ (2010) ಕಾದಂಬರಿಯನ್ನು ತಮ್ಮ ಭಾನುವಾರದ ಪುರವಣಿಯಲ್ಲಿ ಪರಿಚಯಿಸಿದ ಲೇಖಕರು, ಅದರ ಮಾಂತ್ರಿಕ ಅಂಶವನ್ನು ಮಕ್ಕಳ ಕತೆಯ ಚಮತ್ಕಾರವೆಂದು ಬದಿಗಿಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ಒಂಬತ್ತನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿರುವ ರೋಸ್, ಅಮ್ಮ ಮಾಡಿದ ಕೇಕನ್ನು ಬಾಯಿಗಿಟ್ಟ ಕೂಡಲೇ ನಿಂಬೆ, ಚಾಕೊಲೇಟುಗಳ ಹಿಂದಿನಿಂದ ಅಮ್ಮನೊಳಗಿನ ಖಾಲಿತನವೇ ಅವಳ ನಾಲಿಗೆಗೆ ಹತ್ತುತ್ತದೆ. ‘ಕೈಗುಣ’ ಎಂಬ ಮಾತನ್ನು ದಿನಬೆಳಗಾದರೆ ಆಡುವ ನಮಗೆ ಇದು ಅಷ್ಟೇನೂ ವಿಚಿತ್ರವೆನಿಸಬೇಕಿಲ್ಲ.

ಮುಂಬಯಿ ಬಳಿಯ ಡೊಂಬಿವಲಿಯ ಚಾಳಿನ (ಸಾಲುಕೋಣೆಗಳ ವಠಾರದ) ಒಂದೇ ಕೋಣೆಯಲ್ಲಿ ಬೆಳೆದ ನನಗಂತೂ ಅನಿಸಲಿಲ್ಲ. ಊರಿನಿಂದ ಕಾಗದ ಬಂದ ದಿನ ಅಮ್ಮ ಬಾಯಿಬಿಡುತ್ತಿರಲಿಲ್ಲ. ಬಿಡೋಣವೆಂದರೆ ಮರೆಯಾದ ಮೂಲೆಯೂ ಆ ಮನೆಯಲ್ಲಿರಲಿಲ್ಲ. ಆದರೆ ಒಗ್ಗರಣೆ ಸೀದಿರುತ್ತಿತ್ತು, ನೀರುದೋಸೆ ಕಾವಲಿ ಬಿಟ್ಟೇಳುತ್ತಿರಲಿಲ್ಲ, ಅಪ್ಪ ಮಾತ್ರ ಲೋಕಲ್ ರೈಲಿನ ಆತುರದಲ್ಲಿ ಏನೊಂದನ್ನೂ ಗಮನಿಸದೆ ತಿಂದು ಹೊರಡುತ್ತಿದ್ದರು. ಅಂಥ ದಿನಗಳಲ್ಲಿ ನಾನು ಡಬ್ಬಿಯನ್ನು ಶಾಲೆಯ ನಲ್ಲಿಯಡಿ ತೊಳೆದು, ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದು, ಖಾಲಿ ಡಬ್ಬಿ ತೋರಿಸಿ ಅಮ್ಮನ ಮೆಚ್ಚುಗೆ ಪಡೆದದ್ದುಂಟು. ಆದ್ದರಿಂದ, ಮನುಷ್ಯರ ಕೈ ಕಡಿಮೆ ತಾಗಿದ ಪೊಟ್ಟಣದ ತಿನಿಸುಗಳಲ್ಲೇ ರೋಸ್ ನೆಮ್ಮದಿ ಕಾಣುವುದನ್ನು ತಮ್ಮ ಲೇಖಕರು ಆಧುನಿಕ ಆಹಾರದ ಟೀಕೆಯೆಂದು ಓದಿದಾಗ ನನಗೆ ಸೋಜಿಗವಾಯಿತು. ಅಮ್ಮನ ಸಂಕಟದಿಂದ ಒಂದು ಹೊತ್ತಿನ ಮಟ್ಟಿಗಾದರೂ ರಜೆ ಬೇಕೆನ್ನುವ ಮಗುವಿನ ಹಸಿವು ಅದು.

ಹಾಗೆಂದು ಕಾದಂಬರಿಯಲ್ಲಿ ಕುಂದಿಲ್ಲವೆಂದಲ್ಲ. ಅಣ್ಣ ಜೋಸೆಫ್ ಮನೆಯ ಪೀಠೋಪಕರಣದೊಳಗೆ ಕರಗಿಹೋಗುವ ಭಾಗವನ್ನು ಎರಡು ಬಾರಿ ಓದಿದರೂ ನಂಬಲಾಗಲಿಲ್ಲ. ಆದರೆ ಆಸ್ಪತ್ರೆಯ ಹೊಸ್ತಿಲು ತುಳಿಯಲು ಒಲ್ಲದ ಅಪ್ಪ, ತನ್ನಲ್ಲೂ ಇಂಥದೇ ಒಂದು ಶಕ್ತಿ ಅಡಗಿರಬಹುದೆಂಬ ಭಯವನ್ನು ಬಹಳ ತಡವಾಗಿ ಮಗಳಿಗೆ ಹೇಳಿಕೊಳ್ಳುವ ಪುಟಗಳು ಪುಸ್ತಕದಲ್ಲೇ ಶ್ರೇಷ್ಠವಾದವು ಎಂದು ನನ್ನ ಭಾವನೆ. ಪರಿಚಯ ಲೇಖನದಲ್ಲಿ ಅವುಗಳ ಸುದ್ದಿಯೇ ಇಲ್ಲ.

ಅಮ್ಮನಿಗೆ ಬೇರೊಬ್ಬರೊಂದಿಗಿರುವ ಸಂಬಂಧ ರೋಸ್‌ಗೆ ತಿಳಿಯುವುದು ಹನ್ನೆರಡನೆಯ ವಯಸ್ಸಿನಲ್ಲಿ, ರಾತ್ರಿಯೂಟದ ಒಂದು ತುತ್ತಿನಿಂದ. ಅಪ್ಪನೆದುರು ತುಟಿಪಿಟಕ್ಕೆನ್ನದೆ ಅವಳು ಆ ತುತ್ತನ್ನು ನುಂಗುತ್ತಾಳೆ. ಮಕ್ಕಳ ಕತೆಯ ಕಪಾಟಿನಲ್ಲಿ ಈ ತುತ್ತಿಗೆ ಜಾಗವೆಲ್ಲಿ ಎಂಬುದನ್ನು ತಮ್ಮ ಲೇಖಕರು ದಯವಿಟ್ಟು ತಿಳಿಸಬೇಕು.

ಇತಿ,
ತಮ್ಮ ಓದುಗರಲ್ಲೊಬ್ಬಳು,
ಡೊಂಬಿವಲಿ, ಠಾಣೆ ಜಿಲ್ಲೆ