ಕೆರೆಗಳಿಗೆ ಮತ್ತೆ ನೀರುಗಂಟಿ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ ರಾಜಕಾಲುವೆ ಹೂಳಿನ ಮಾತು ಶುರುವಾಗುತ್ತದೆ. ಅದು ಬೇಕಾದ್ದೇ. ಆದರೆ ಕೆರೆಯ ನೀರು ಹೊರಬಿಡುವ ತೂಬಿನ ಬಗ್ಗೆಯಾಗಲಿ, ಅದನ್ನು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಬಗ್ಗೆಯಾಗಲಿ ಯಾರೂ ಮಾತಾಡುವುದಿಲ್ಲ.

ನಮ್ಮ ಕೆರೆಗಳಲ್ಲಿ ಹೆಚ್ಚಿನವು ನೀರಾವರಿಗೆಂದು ಕಟ್ಟಿದವು. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ಅದರಡಿ ತೂಬು, ಪಕ್ಕದಲ್ಲಿ ಹೆಚ್ಚಾದ ನೀರು ಹೊರಹರಿಯಲು ಕೋಡಿ. ತೂಬು ಎತ್ತಿದರೆ ಅಚ್ಚುಕಟ್ಟಿನ, ಅಂದರೆ ಕೆರೆ ಕೆಳಗಿನ, ಗದ್ದೆಗೆ ನೀರು. ಬೇಸಿಗೆ ಹೊತ್ತಿಗೆ ಕೆರೆ ತಳ ಕಾಣುತ್ತಿತ್ತು, ರೈತರು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಮುಂಗಾರು ಬಂದಾಗ ಒಳಗೆ ಜಾಗ ಇರುತ್ತಿತ್ತು. ಈಗ ಗದ್ದೆ ಇದ್ದಲ್ಲಿ ಬಡಾವಣೆ ಇದೆ. ತೂಬು ಎತ್ತುವವರಿಲ್ಲ. ಚರಂಡಿ ನೀರು ವರ್ಷವಿಡೀ ಹರಿದು ಬರುವ ಕೆರೆಗಳು ಮೇ ತಿಂಗಳಲ್ಲೂ ತುಂಬಿಯೇ ಇರುತ್ತವೆ. ಆಮೇಲೆ ಬೀಳುವ ಮಳೆ ನೀರು ಎಲ್ಲಿಗೆ ಹೋಗಬೇಕು?

ನಮ್ಮ ಬಡಾವಣೆಯ ಕೆರೆಗೆ ವಾಕಿಂಗ್ ಪಾತ್, ತಂತಿಬೇಲಿ, ಬೆಂಚು ಎಲ್ಲ ಬಂದಿವೆ, ಸಂತೋಷ. ತೂಬಿನ ಎರಡು ಕಲ್ಲುಕಂಬ ಇನ್ನೂ ನೀರಲ್ಲಿ ನಿಂತಿವೆ, ಆದರೆ ಏರಿಯ ಆಚೆ ಅದರ ಬಾಯಿಗೆ ಕಾಂಕ್ರೀಟ್ ಮೆತ್ತಿದ್ದಾರೆ. ಅಂತರಗಂಗೆ ಕಳೆ, ಥರ್ಮಾಕೋಲ್ ಸಿಕ್ಕಿಕೊಂಡು ಕೋಡಿ ಅರ್ಧ ಮುಚ್ಚಿದೆ. ಏರಿಯ ಹೊರಮೈ ತುಂಬ ಹೆಗ್ಗಣದ ಬಿಲ. ಬುಡದಲ್ಲಿ ಒಂದು ಕಡೆ ಬೇಸಿಗೆಯಲ್ಲೂ ಒದ್ದೆ ಆರುವುದಿಲ್ಲ. ಅಲ್ಲಿ ಜಿನುಗುವ ನೀರು ಸದ್ಯಕ್ಕೆ ತಿಳಿಯಾಗಿದೆ. ಕೆಂಪಗೆ ಕಲಕಾಗಿ ಬಂದರೆ ಏರಿಯ ಮಣ್ಣೇ ಒಳಗಿನಿಂದ ಕರಗಿ ಹೋಗುತ್ತಿದೆ ಎಂದರ್ಥ. ಕೋಡಿ ಕಟ್ಟಿಕೊಂಡು ನೀರು ಏರಿಯ ತಲೆ ಮೇಲೆ ಹರಿದರಂತೂ ಮಣ್ಣು ನಿಲ್ಲುವುದಿಲ್ಲ. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡಿದ್ದೇವೆ.

ಇದನ್ನೆಲ್ಲ ದಿನಾ ನೋಡುವ ಕಣ್ಣು ಬೇಕು, ಅಲ್ವಾ? ಹಿಂದೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತಿ ಇಳಿಸುವುದು, ಸರದಿ ಪ್ರಕಾರ ನೀರು ಬಿಡುವುದು, ಜೋರು ಮಳೆಯ ರಾತ್ರಿ ಏರಿ ಕಾಯುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಈಗ ಗೇಟಿನ ಬೀಗಕ್ಕೆ ಸೆಕ್ಯುರಿಟಿಯವರಿದ್ದಾರೆ, ತೂಬಿಗೆ ಯಾರೂ ಇಲ್ಲ.

ಪಾಲಿಕೆಯವರಲ್ಲಿ ನನ್ನ ಮನವಿ ಇಷ್ಟೇ. ಮುಚ್ಚಿಹೋದ ತೂಬುಗಳನ್ನು ಬಿಡಿಸಿ ಗೇಟು ಕೂರಿಸಿ. ಕೆರೆಗೊಬ್ಬ ನೀರುಗಂಟಿಯನ್ನು ಸಂಬಳ ಕೊಟ್ಟು ನೇಮಿಸಿ, ಅವರ ಫೋನ್ ನಂಬರ್ ಏರಿ ಮೇಲೆ ಬರೆಸಿ. ಮುಂಗಾರಿಗೆ ಮೊದಲೇ, ಒಣ ದಿನಗಳಲ್ಲಿ, ಹೂಳೆತ್ತಿದ ರಾಜಕಾಲುವೆಗೆ ಸ್ವಲ್ಪಸ್ವಲ್ಪವೇ ನೀರು ಬಿಟ್ಟು ಕೆರೆಯಲ್ಲಿ ಜಾಗ ಮಾಡಿಸಿ. ಮೇಲಿನ ಕೆರೆ ನೀರು ಕೆಳಗಿನ ಕೆರೆಗೇ ಇಳಿಯುವುದರಿಂದ, ತೂಬು ಎತ್ತುವ ಮುಂಚೆ ಅಲ್ಲಿನವರಿಗೆ ತಿಳಿಸುವುದೂ ಅವರ ಹೊಣೆಯಾಗಲಿ.

– ಕೆರೆ ಪಕ್ಕದ ನಿವಾಸಿ, ಬೆಂಗಳೂರು