ಅಡಿಸ್ ಅಬಾಬಾ: ಮೊದಲು ಗಡಿಯಾರ, ಆಮೇಲೆ ಕಾಫಿ

ಮಾನ್ಯರೇ,

ಇಥಿಯೋಪಿಯ ಎಂದರೆ ಮಲೆನಾಡಿನವರಿಗೆ ನೆನಪಾಗುವುದು ಅರೇಬಿಕಾ ಕಾಫಿಯ ತವರು ಎಂದು. ಪ್ರವಾಸ ಪುಟಗಳೂ ಅಷ್ಟು ಹೇಳಿ ಮುಗಿಸಿಬಿಡುತ್ತವೆ. ಅದರ ರಾಜಧಾನಿ ಅಡಿಸ್ ಅಬಾಬಾಕ್ಕೆ ಹೊರಟವರು ಮೊದಲು ತಿಳಿಯಬೇಕಾದ್ದು ಅಲ್ಲಿನ ಗಂಟೆಯ ಲೆಕ್ಕ.

ಅಲ್ಲಿ ಗಂಟೆ ಎಣಿಸುವುದು ಬೆಳಗಾದ ಮೇಲೆ. ನಮ್ಮ ಬೆಳಿಗ್ಗೆ 7 ಅವರಿಗೆ 1 ಗಂಟೆ, ನಮ್ಮ ಮಧ್ಯಾಹ್ನ 12 ಅವರಿಗೆ 6. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗ ಬಲ್ಲವರಿಗೆ ಇದೇನೂ ವಿಚಿತ್ರವಲ್ಲ. ತೊಡಕು ಏನೆಂದರೆ, ವಿಮಾನದ ಟಿಕೆಟ್‌ನಲ್ಲಿರುವುದು ನಮ್ಮ ಲೆಕ್ಕ, ಬೀದಿಯ ಮಾತಿನಲ್ಲಿರುವುದು ಅವರ ಲೆಕ್ಕ. ಟ್ಯಾಕ್ಸಿಯವನಿಗೆ '8 ಗಂಟೆಗೆ ಬಾ' ಎಂದರೆ ಮಧ್ಯಾಹ್ನ 2ಕ್ಕೆ ಬಂದಾನು. ಯಾರ ಲೆಕ್ಕದ ಎಂಟು ಎಂದು ಕೇಳಿಯೇ ಬಿಡಬೇಕು. ಅವರ ಪಂಚಾಂಗದಲ್ಲಿ ತಿಂಗಳು 13, ಇಸವಿ ನಮಗಿಂತ 7–8 ವರ್ಷ ಹಿಂದೆ. ರಸೀದಿಯ ತಾರೀಖು ಕಂಡು ಗಾಬರಿ ಬೇಡ.

ಊರಿರುವುದು ಸುಮಾರು 2,350 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ 400 ಮೀಟರ್ ಮೇಲೆ. ಹೋದ ಹೊಸತರಲ್ಲಿ ಏರು ಹತ್ತಿದರೆ ಏದುಸಿರು ಬರುತ್ತದೆ. ನೀರು 92 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಗ ಬೇಯದು. ಉಳಿದುಕೊಳ್ಳುವವರಿಗೆ ಕುಕ್ಕರ್ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಆಗುಂಬೆಯ ಮಳೆಯೇನಲ್ಲ, ಆದರೆ ಸ್ವೆಟರ್ ಇಲ್ಲದೆ ಸಂಜೆ ಕಳೆಯದು.

1886ರಲ್ಲಿ ಹುಟ್ಟಿದ ಈ ಊರಿನ ಸುತ್ತ ಸೌದೆ ಮುಗಿದು, ದೊರೆ ಎರಡನೆಯ ಮೆನೆಲಿಕ್ ರಾಜಧಾನಿಯನ್ನೇ ಬೇರೆಡೆಗೆ ಒಯ್ಯಲು ಹೊರಟಿದ್ದ. ಉಳಿಸಿದ್ದು ಆಸ್ಟ್ರೇಲಿಯದಿಂದ ಬಂದ ನೀಲಗಿರಿ ಮರ! ನಾವು ಇಲ್ಲಿ ನೀರು ಹೀರುತ್ತದೆಂದು ಬೈಯುವ ಅದೇ ಮರ ಅಲ್ಲಿನ ಎಂಟೊಟೊ ಗುಡ್ಡದ ತುಂಬ ಇದೆ.

ಕಾಫಿಗೆ ಕರೆದರೆ ಒಂದು ಗಂಟೆಯಾದರೂ ಬಿಡುವಿರಲಿ. ಒಂದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಅಬೋಲ್, ತೋನ, ಬರಕ ಎಂದು ಮೂರು ಸುತ್ತು ಕೊಡುತ್ತಾರೆ. ಮೊದಲ ಲೋಟಕ್ಕೇ ಎದ್ದರೆ ಅವಮರ್ಯಾದೆ.

ಕೊನೆಗೆ ಲಸಿಕೆ. ಹಳದಿ ಜ್ವರವೆಂದರೆ ನಮ್ಮ ಕಾಮಾಲೆಯಲ್ಲ, ಸೊಳ್ಳೆಯಿಂದ ಹರಡುವ ಬೇರೆಯದೇ ಕಾಯಿಲೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಷ್ಟೇ ಈ ಲಸಿಕೆ ಸಿಗುತ್ತದೆ. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಇಥಿಯೋಪಿಯದಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆಫ್ರಿಕದ ಊರುಗಳ ಪರಿಚಯ ಬರೆಯಿಸುವಾಗ ಪತ್ರಿಕೆ ಇದೊಂದನ್ನಾದರೂ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ.

– ಓದುಗ, ತೀರ್ಥಹಳ್ಳಿ