ಮಳೆಗಾಲಕ್ಕೆ ಯಾವ ಕ್ಯಾಮೆರಾ?

ಎಲ್ಲರಿಗೂ ನಮಸ್ಕಾರ. ಆಗುಂಬೆಗೆ ಹೊರಡುವ ಮುಂಚೆ ಕ್ಯಾಮೆರಾ ಕೊಳ್ಳಬೇಕು ಎಂದಿರುವವರಿಗೆ ಈ ಮಾತು. ಒಲಿಂಪಸ್ ಟಿಜಿ-6 ಒಳ್ಳೆಯದಾ, ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ ಒಳ್ಳೆಯದಾ ಅಂತ ಕೆಲವರು ಕೇಳಿದ್ದೀರಿ. ಎರಡೂ ಜೇಬಿಗೆ ಹಿಡಿಯುತ್ತವೆ, ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ಗಾತ್ರವೂ ಒಂದೇ. ಕೆಲಸ ಮಾತ್ರ ಬೇರೆ ಬೇರೆ.

ಕ್ಯಾನನ್‌ನಲ್ಲಿ 40 ಪಟ್ಟು ಜೂಮ್ ಇದೆ, 960 ಮಿ.ಮೀ.ವರೆಗೆ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಬೇಸಿಗೆಯ ಕಬಿನಿಯಲ್ಲಿ ದೂರದ ಆನೆಗೆ ಸೊಗಸು. ಆದರೆ ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್/6.9 (ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಮೋಡ ಕವಿದ ಕಾಡಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರುತ್ತದೆ, ಚಿತ್ರ ಕಾಳು ಕಾಳಾಗುತ್ತದೆ. ಲೆನ್ಸ್ ಬೇರೆ ಹೊರಗೆ ಚಾಚುತ್ತದೆ. ಮಳೆನೀರು ಒಳಗೆ ಹೋದರೆ ಕಥೆ ಮುಗೀತು.

ಟಿಜಿ-6ರ ಜೂಮ್ ಬರೀ 4 ಪಟ್ಟು, 25ರಿಂದ 100 ಮಿ.ಮೀ. ಹಕ್ಕಿ ಫೋಟೊ ಮರೆತುಬಿಡಿ. ಆದರೆ ಲೆನ್ಸ್ ಒಳಗೇ ಚಲಿಸುತ್ತದೆ, 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಜೂಮ್ ಮಾಡದಿದ್ದಾಗ ಎಫ್/2, ಅಂದರೆ ಕ್ಯಾನನ್‌ನ ಎಫ್/3.3ಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಬೆಳಕು. ನನಗೆ ತುಂಬಾ ಇಷ್ಟವಾಗುವುದು ಮೈಕ್ರೋಸ್ಕೋಪ್ ಮೋಡ್. ಲೆನ್ಸಿನಿಂದ 1 ಸೆಂ.ಮೀ. ದೂರದಲ್ಲೂ ಫೋಕಸ್ ಸಿಗುತ್ತದೆ. ಅಣಬೆ, ಪಾಚಿ, ಎಲೆ ಮೇಲಿನ ಪುಟ್ಟ ಕಪ್ಪೆ, ಮಳೆಗಾಲದ ಆಗುಂಬೆಯಲ್ಲಿ ಸಿಗುವುದು ಇದೇ ಅಲ್ವಾ? (ಗುಳಿಮಂಡಲ ಹಾವಿನ ಮೇಲೆ ಮಾತ್ರ ಈ ಪ್ರಯೋಗ ಬೇಡ, ದಯವಿಟ್ಟು.)

ಈ ಪ್ರವಾಸಕ್ಕೆ ನನ್ನ ಓಟು ಟಿಜಿಗೆ. 2023ರ ಟಿಜಿ-7 ಸಿಕ್ಕರೆ ಅದನ್ನೇ ನೋಡಿ, ಯುಎಸ್‌ಬಿ-ಸಿ ಇದೆ. ಬ್ಯಾಟರಿ ಬಾಗಿಲಿನ ರಬ್ಬರ್ ಮೇಲೆ ಒಂದು ಕೂದಲು, ಚೂರು ಮರಳು ಇದ್ದರೂ ನೀರು ನುಗ್ಗಬಹುದು, ಒರೆಸಿ ಮುಚ್ಚಿ. ಈಗಾಗಲೇ ಕ್ಯಾನನ್ ಇರುವವರು ಸುಮ್ನೆ ಹೊಸದಕ್ಕೆ ದುಡ್ಡು ಹಾಕಬೇಡಿ, ಜಿಪ್ ಚೀಲ, ತೇವ ಹೀರುವ ಸಿಲಿಕಾ ಜೆಲ್ ತನ್ನಿ.